ಹಿಟ್ಟಿನ ಮೇಲಿನ ಚಂದ್ರ

ಕಾದ ಹಂಚಿನ ಮೇಲೆ ಉದುರಿದ ಜೋಳದ ಹಿಟ್ಟು ಸುಟ್ಟು ಕಪ್ಪಾಗುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಅದು ರೊಟ್ಟಿಯ ವಾಸನೆಯಲ್ಲ. ರೊಟ್ಟಿ ತೆಗೆದ ಮೇಲೆ, ಹಂಚನ್ನು ಒದ್ದೆ ಬಟ್ಟೆಯಿಂದ ಒರೆಸುವ ಮುಂಚೆ, ಸ್ವಲ್ಪವೇ ಹೊತ್ತು ನಿಂತು ಹೋಗುವ ವಾಸನೆ. ಲಿಂಗಸುಗೂರಿನ ನನ್ನ ಬಾಡಿಗೆ ಮನೆಯ ಪಕ್ಕದಲ್ಲೊಂದು ಖಾನಾವಳಿ ಇದೆ. ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ ಆ ವಾಸನೆ ನನ್ನ ಕಿಟಕಿಗೆ ಬರುತ್ತದೆ. ಓದುತ್ತಿದ್ದ ಪುಸ್ತಕವನ್ನು ಮುಚ್ಚುತ್ತೇನೆ. ಈಗ ಇಲ್ಲದ ಒಂದು ಅಡುಗೆಮನೆ ತೆರೆದುಕೊಳ್ಳುತ್ತದೆ. ಹೊಗೆಯಿಂದ ಕಪ್ಪಾದ ತೊಲೆಗಳು, ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು, ಅದರೊಳಗೆ ತೇಲುವ ಹಿಟ್ಟಿನ ಧೂಳು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ನನ್ನ ಸಣ್ಣವ್ವ. ಮನೆಯಲ್ಲಿ ನಾವಿಬ್ಬರೇ. ಅಂಗೈಯಷ್ಟೇ ಅಗಲದ ಒಂದು ರೊಟ್ಟಿಯನ್ನು ಹಂಚಿನ ಅಂಚಿನಿಂದ ಎತ್ತಿ, ಗುರೆಳ್ಳು ಪುಡಿ ಉದುರಿಸಿ, ನನ್ನ ಕೈಗಿಟ್ಟು ಅವಳು ಹೇಳುತ್ತಾಳೆ: "ಬಾಯಿ ಸುಟ್ಟೀತು ಸರೂ, ಊದಿ ತಿನ್ನು."

ನಾನು ನೆನಪನ್ನು ಸುಲಭಕ್ಕೆ ನಂಬುವವಳಲ್ಲ. ದಿನಚರಿ ಬರೆಯುವ ಅಭ್ಯಾಸವೇ ಈ ಅಪನಂಬಿಕೆಯನ್ನು ಕಲಿಸಿತು. ಎಂದೋ ಬರೆದಿಟ್ಟ ಪುಟವನ್ನು ತೆರೆದರೆ, ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದ ದಿನವೇ ಬೇರೆ ಇರುತ್ತದೆ, ಅಲ್ಲಿ ಬರೆದಿರುವ ದಿನವೇ ಬೇರೆ ಇರುತ್ತದೆ. ಕಲಬುರಗಿಯಲ್ಲಿ ಇತಿಹಾಸ ಓದಿ, ಸಾಕ್ಷಿಯಿಲ್ಲದ ಮಾತನ್ನು ಒಪ್ಪಬೇಡಿ ಎಂದು ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ಹಾಗಿದ್ದೂ ಒಂದು ನೆನಪನ್ನು ಮಾತ್ರ ಹಗೆಯಂತೆ ಸಾಕಿಕೊಂಡು ಬಂದೆ. ಅದಕ್ಕೆ ಸಾಕ್ಷಿ ಸಿಕ್ಕ ದಿನ ನಾನು ಎಷ್ಟು ಸಂತೋಷಪಟ್ಟೆ ಎಂಬುದನ್ನು ಬರೆಯುವಾಗ ಈಗಲೂ ಬೆರಳುಗಳು ಚುರುಕಾಗುತ್ತವೆ.

ಸಾಕ್ಷಿ ಬಂದದ್ದು ಫೋನಿಗೆ. ನಮ್ಮ ಮನೆತನದವರದ್ದೊಂದು ವಾಟ್ಸಾಪ್ ಗುಂಪಿದೆ. ದೊಡ್ಡಪ್ಪನ ಮಗ ವೀರೇಶ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟು, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಕರೆಯುತ್ತ, ಒಂದು ಕಪ್ಪು ಕಟ್ಟಿಗೆಯ ಚಿತ್ರ ಹಾಕಿ ಕೇಳಿದ: "ಇದು ಏನು ಹೇಳ್ರಿ ನೋಡೋಣ. ಬರೋಬ್ಬರಿ ಹೇಳಿದವರಿಗೆ ಒಂದು ಸೀರಿ." ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ಹರಕು ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತಂತೆ. ಎರಡು ಅಂಗೈ ಅಗಲದ ಜಾಲಿ ಕಟ್ಟಿಗೆಯ ಹಲಗೆ, ಹಿಂಬದಿಗೆ ಹಿಡಿ, ಮುಂಬದಿಗೆ ಕೆತ್ತನೆ. ಉತ್ತರಗಳು ಬಂದವು. ಒಬ್ಬರು ಕರ್ಚಿಕಾಯಿ ಅಚ್ಚು ಎಂದರು. ಇನ್ನೊಬ್ಬರು ಸೀರೆಗೆ ಬಣ್ಣ ಒತ್ತುವುದು ಎಂದರು. ದನಕ್ಕ ಬರಿ ಹಾಕೋದು ಎಂದವನಿಗೆ, "ಕಟಗಿಲೆ ಬರಿ ಹಾಕಿದ್ರ ಕಟಗಿನೇ ಸುಡತೈತಿ, ಶಾಣ್ಯಾ" ಎಂಬ ಉತ್ತರ ಬಂತು. ಬೆನ್ನು ತಿಕ್ಕೋದು ಎಂದು ಇನ್ನೊಬ್ಬ. "ನಿಮ್ಮ ಬೆನ್ನಿಗೆ ಬೇಕಾದೀತು, ನಮಗ ಕಲ್ಲು ಸಾಕು" ಎಂದು ಮತ್ತೊಬ್ಬಳು. ಎಲ್ಲರ ಕೊನೆಗೆ ವೀರೇಶನೇ ಬರೆದ: "ಏನಾರ ಇರಲಿ, ನಮ್ಮಮ್ಮನ ಕೈಯಾಗಿದ್ದ ವಸ್ತು. ಗಾಜಿನ ಚೌಕಟ್ಟು ಹಾಕಿಸಿ ಬಾಗಿಲದ ಎದುರಿಗೆ ಇಡತೀನಿ. ಮನಿಗೆ ಲಕ್ಷ್ಮಿ ಇದ್ದಂಗ."

ಲಕ್ಷ್ಮಿ! ನಾನು ಫೋನನ್ನು ಬೋರಲು ಹಾಕಿ ಎದ್ದುಹೋಗಿ ನೀರು ಕುಡಿದೆ. ಅದು ಏನೆಂದು ಆ ಗುಂಪಿನಲ್ಲಿ ಬಲ್ಲವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ಅಪ್ಪನ ತಂಗಿ ನೀಲತ್ತೆ. ಅವಳು ಫೋನಿನಲ್ಲಿ ಚಿತ್ರ ನೋಡುತ್ತಾಳೆ, ಬರೆಯುವುದಿಲ್ಲ.

ನಿಮ್ಮಲ್ಲಿ ಜೋಳದ ಕಣ ಕಂಡವರಿದ್ದರೆ ಈಗಾಗಲೇ ಗುರುತು ಹಿಡಿದಿರಬಹುದು. ಅದು ರಾಶಿಗೆ ಒತ್ತುವ ಮುದ್ರೆ. ಜೋಳವನ್ನು ತೂರಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ತರುವ ತನಕ ಅದು ಕಣದಲ್ಲೇ ಬಯಲಿಗೆ ಬಿದ್ದಿರುತ್ತಿತ್ತು. ಆಗ ರಾಶಿಯ ಮೈಗೆ ಅಲ್ಲಲ್ಲಿ ಒದ್ದೆ ಬೂದಿ ಮೆತ್ತಿ ಈ ಹಲಗೆಯನ್ನು ಒತ್ತುತ್ತಿದ್ದರು. ಯಾರಾದರೂ ಒಂದು ಬೊಗಸೆ ತೆಗೆದರೂ ಕಾಳು ಜಾರಿ ಬೂದಿ ಬಿರಿದು ಮುದ್ರೆ ಒಡೆಯುತ್ತದೆ. ಮುಂಜಾನೆ ಬಂದ ಒಡೆಯನಿಗೆ ಕಳವು ಗೊತ್ತಾಗುತ್ತದೆ. ನಮ್ಮ ಮನೆಯ ಮುದ್ರೆಯಲ್ಲಿ ನಡುವೆ ಬಸವಣ್ಣ, ಮೇಲಿನ ಒಂದು ಮೂಲೆಗೆ ಸೂರ್ಯ, ಇನ್ನೊಂದು ಮೂಲೆಗೆ ಚಂದ್ರ. ದೀಪಾವಳಿಗೆ ಅದಕ್ಕೆ ವಿಭೂತಿ ಹಚ್ಚಿ ಪೂಜೆ. ಆಮೇಲೆ ಕಾಲುವೆಯ ನೀರು ಬಂತು, ಜೋಳ ಹೋಗಿ ನೆಲ್ಲು ಬಂತು, ಕಣಗಳು ಮುಚ್ಚಿಹೋದವು. ಈಗ ಯಂತ್ರ ಗದ್ದೆಗೇ ಇಳಿದು ಕೊಯ್ದು ಟ್ರ್ಯಾಕ್ಟರಿಗೆ ಸುರಿದು ಹೋಗುತ್ತದೆ. ಮುದ್ರೆ ಒತ್ತುವಷ್ಟು ಹೊತ್ತು ಯಾವ ರಾಶಿಯೂ ನೆಲದ ಮೇಲೆ ನಿಲ್ಲುವುದಿಲ್ಲ.

ಆದರೆ ಆ ಮುದ್ರೆಯನ್ನು ಕಣದಿಂದ ಅಡುಗೆಮನೆಗೆ ತಂದವಳು ಈ ಸೀಮೆಯಲ್ಲೆಲ್ಲ ನಮ್ಮ ಅಮ್ಮ ಒಬ್ಬಳೇ ಇರಬೇಕು. ನಮ್ಮ ಕಡೆ ತಾಯಿಯನ್ನು ಅವ್ವ ಎನ್ನುತ್ತೇವೆ, ಅಪ್ಪನ ತಾಯಿಯನ್ನು ಅಮ್ಮ. ಅಮ್ಮ ಎತ್ತರದ ಹೆಂಗಸು, ನಡೆದರೆ ಅಂಗಳ ಅಳೆದಂತೆ ನಡೆಯುತ್ತಿದ್ದಳು. ಮಸ್ಕಿಗೂ ಸಿಂಧನೂರಿಗೂ ನಡುವಿನ ನಮ್ಮೂರಿನಲ್ಲಿ ಅವಳ ಮಾತು ತೂಕದ ಮಾತು. ಕಿರಿಯ ಮಗನಿಗೆ ಮುದಗಲ್ಲಿನಿಂದ ಸೊಸೆ ತಂದಾಗ ಅವಳು ಅಡುಗೆಮನೆಯನ್ನು ಸೊಸೆಗೆ ಬಿಟ್ಟಳು, ಹಿಟ್ಟನ್ನು ಮಾತ್ರ ಬಿಡಲಿಲ್ಲ. ಮುಂಜಾನೆ ರೊಟ್ಟಿಗೆ ಬೇಕಾದಷ್ಟು ಹಿಟ್ಟನ್ನು ತಾನೇ ತೆಗೆದುಕೊಡುವಳು. ಉಳಿದದ್ದು ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ. ಹೊಲಕ್ಕೆ ಹೊರಡುವ ಮುಂಚೆ ಅದರ ಮೇಲ್ಮೈಯನ್ನು ಅಂಗೈಯಿಂದ ಸವರಿ ಸಮ ಮಾಡಿ, ಮುದ್ರೆ ಒತ್ತಿ, ಮುಚ್ಚಳ ಹಾಕುವಳು. ಸಂಜೆ ಬಂದು ಕೈಕಾಲು ತೊಳೆಯುವ ಮುಂಚೆ ಮುಚ್ಚಳ ತೆಗೆದು ನೋಡುವಳು. ಮುದ್ರೆಯನ್ನು ದೇವರ ಜಗಲಿಯ ಪಕ್ಕದ ಗೂಟಕ್ಕೆ ತೂಗುಹಾಕಿರುತ್ತಿದ್ದಳು. ಬೀಗ ಬೇಕಿರಲಿಲ್ಲ, ಪೂಜೆ ಮಾಡುವ ವಸ್ತುವನ್ನು ಸೊಸೆ ಮುಟ್ಟುವಳೆಂದು ಯಾರೂ ಊಹಿಸುವಂತಿರಲಿಲ್ಲ.

ಆ ಸೊಸೆಯೇ ನನ್ನ ಸಣ್ಣವ್ವ, ಕಾಕಾನ ಹೆಂಡತಿ. ಹೆಸರು ಗೌರಮ್ಮ. ಮನೆಗೆ ಬಂದಾಗ ಅವಳಿನ್ನೂ ಬೆಳೆಯುತ್ತಿದ್ದಳು. ಇದು ನಾನು ಸೇರಿಸಿ ಹೇಳುವ ಮಾತಲ್ಲ. ಮದುವೆಯ ಕುಪ್ಪಸದ ತೋಳುಗಳು ಒಂದು ವರ್ಷದೊಳಗೆ ಮೇಲೇರಿದ್ದನ್ನು ನನ್ನ ಅವ್ವ ತುಂಬಾ ದಿನ ನಗುತ್ತ ಹೇಳುತ್ತಿದ್ದಳು. ಬೆಳೆಯುವ ಹುಡುಗಿಗೆ ಎಲ್ಲರೂ ಉಂಡ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ. ಅವಳಿಗಿಂತ ಒಂದೆರಡು ವರ್ಷಕ್ಕಷ್ಟೇ ಸಣ್ಣವಳಾದ ನೀಲತ್ತೆ ಮನೆಯ ಮಗಳು, ಮೊದಲ ಪಂಕ್ತಿಗೇ ಕೂರುತ್ತಿದ್ದಳು. ಹಗಲು ಎಲ್ಲರೂ ಹೊಲಕ್ಕೆ ಹೋದರೆ ಮನೆಯಲ್ಲಿ ದನ, ಒಲೆ, ನಾನು, ಸಣ್ಣವ್ವ.

ಆ ದಿನ ಮಸ್ಕಿಯ ಸಂತೆ. ಅಮ್ಮ ಬಂಡಿ ಕಟ್ಟಿಸಿಕೊಂಡು ಹೋಗಿದ್ದವಳು ಬಿಸಿಲಿರುವಾಗಲೇ ಬಂದಳು. ನಾನು ಪಡಸಾಲೆಯಲ್ಲಿದ್ದೆನೋ, ಹೊಸ್ತಿಲ ಮೇಲಿದ್ದೆನೋ, ಈಗ ಆಣೆ ಮಾಡಿ ಹೇಳಲಾರೆ. ಮುಚ್ಚಳ ನೆಲಕ್ಕೆ ಬಿದ್ದ ಸದ್ದು ನೆನಪಿದೆ. ಆಮೇಲೆ ಅಮ್ಮನ ಕೂಗು.

"ಚಂದ್ರ ಎಲ್ಲೈತಿ? ಎಲ್ಲೈತಿ ಚಂದ್ರ? ಚಂದ್ರನ್ನೇ ನುಂಗಿ ಕುಂತಾಳ್ರೋ ಈ ಮುದಗಲ್ದಾಕಿ!"

ಹಿಟ್ಟಿನ ಮೇಲೆ ಬಸವಣ್ಣ ಇದ್ದ, ಸೂರ್ಯ ಇದ್ದ, ಚಂದ್ರ ಇರಬೇಕಾದ ಮೂಲೆ ನುಣ್ಣಗಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಇಣುಕಿದರು. ಸಣ್ಣವ್ವ ಒಲೆಯ ಪಕ್ಕ ಗೋಡೆಗಾತು ನಿಂತಿದ್ದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಾಕಾ ಹೊಲದಿಂದ ಬಂದಾಗ ಅಮ್ಮ ಹೇಳಿದ್ದು ಇಷ್ಟೇ: "ಕಳ್ಳಿ ಕೈಯಾಗಿನ ಕೂಳು ನಾ ಉಣ್ಣಂಗಿಲ್ಲ. ಬಿಟ್ ಬಾ ಅಕಿನ್ನ." ಕಾಕಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಅದೇ ಅವನ ಉತ್ತರ. ಮರುದಿನ ಮೊದಲ ಬಸ್ಸಿಗೆ ಕರೆದುಕೊಂಡು ಹೋದ. ತಗಡಿನ ಟ್ರಂಕು ಹೊತ್ತ ಸಣ್ಣವ್ವ ಅವನ ಹಿಂದೆ ನಡೆದುಹೋದಳು. ತಿರುಗಿ ನೋಡಿದಳು ಎಂದು ಬರೆಯಲು ಆಸೆಯಾಗುತ್ತದೆ. ನೋಡಿದ್ದು ನನಗೆ ನೆನಪಿಲ್ಲ. ಬೇಗನೆ ಕಾಕಾನಿಗೆ ಇನ್ನೊಂದು ಮದುವೆಯಾಯಿತು. ಅವಳು ಮತ್ತೆ ಬರಲಿಲ್ಲ.

ಹೋದವಳು ಹೋದಳು, ಹೆಸರು ಮಾತ್ರ ಊರಲ್ಲಿ ಉಳಿಯಿತು. ಚಂದ್ರ ನುಂಗಿದಾಕಿ. ಬಾವಿಯ ಕಟ್ಟೆಯ ಮೇಲೆ, ಕಳೆ ಕೀಳುವ ಸಾಲಿನಲ್ಲಿ, ಮದುವೆಯ ಮನೆಯಲ್ಲಿ ಅದೊಂದು ಚೇಷ್ಟೆಯಾಯಿತು. ಅಮಾವಾಸ್ಯೆ ಬಂದರೆ ಯಾರಾದರೊಬ್ಬರು, "ಮ್ಯಾಲೆ ಏನೂ ಕಾಣವಲ್ದಲ್ಲೇ, ಗೌರಿ ನುಂಗಿರಬೇಕು" ಎನ್ನುವರು, ಉಳಿದವರು ನಗುವರು. ನಮ್ಮವ್ವನೂ ನಗುತ್ತಿದ್ದಳು. ಹಳೆಯ ಮನೆ ಹೋಯಿತು, ಕಣ ಹೋಯಿತು, ಅಮ್ಮ, ಕಾಕಾ, ಅವ್ವ, ಅಪ್ಪ ಎಲ್ಲರೂ ಹೋದರು. ಆ ನಗೆ ಮಾತ್ರ ಫೋನಿನೊಳಗೂ ಬಂದು ಸೇರಿತು. ಹೋದ ಗ್ರಹಣದ ದಿನ ಗುಂಪಿನಲ್ಲಿ ಅದೇ ಮಾತು ಬಂದಿತ್ತು, ಅವಳನ್ನು ಕಂಡೇ ಇರದ ಹುಡುಗರು ಹಲ್ಲು ಕಿರಿಯುವ ಗೊಂಬೆಗಳನ್ನು ಅಂಟಿಸಿದ್ದರು. ಕ್ಷಮಿಸಿ ಮರೆತುಬಿಡಬೇಕು ಎಂದು ದೊಡ್ಡವರು ಹೇಳುತ್ತಾರೆ. ಬೇರೊಬ್ಬರ ಹಸಿವಿನ ಲೆಕ್ಕದಲ್ಲಿ ಕ್ಷಮಿಸುವುದು ಯಾರಿಗೂ ಕಷ್ಟವಲ್ಲ. ನಾನು ಮರೆಯಲಿಲ್ಲ. ಮುದಗಲ್ಲಿಗೆ ಆಗಾಗ ಹೋಗುತ್ತಿದ್ದೆ. ಸಣ್ಣವ್ವ ಅಲ್ಲಿ ಅಣ್ಣನ ಮನೆಯಲ್ಲಿದ್ದು, ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಟ್ಟು, ಕೋಟೆಯ ಗೋಡೆಯ ಮಗ್ಗುಲಿಗೆ ತನ್ನದೇ ಎರಡು ಖೋಲಿ ಕಟ್ಟಿಸಿಕೊಂಡಿದ್ದಳು. ಉಣ್ಣಿಸಿ ಕಳಿಸುತ್ತಿದ್ದಳು. ಹಿಟ್ಟಿನ ಮಾತು ಮಾತ್ರ ನಮ್ಮಿಬ್ಬರ ನಡುವೆ ಒಂದು ದಿನವೂ ಬರಲಿಲ್ಲ.

ಫೋನನ್ನು ಮತ್ತೆ ತಿರುಗಿಸಿ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದೆ. ಬಸವಣ್ಣ ಇದ್ದ. ಸೂರ್ಯ ಇದ್ದ. ಇನ್ನೊಂದು ಮೂಲೆಯಲ್ಲಿ ಕಟ್ಟಿಗೆಯೇ ಇರಲಿಲ್ಲ. ಚಕ್ಕೆ ಎದ್ದುಹೋಗಿ ಒರಟು ಗಾಯ ಕಾಣುತ್ತಿತ್ತು.  ಹಿಟ್ಟನ್ನು ಯಾರೂ ಮುಟ್ಟಿರಲಿಲ್ಲ. ಮುದ್ರೆಯೇ ಮುರಿದಿತ್ತು. ಮುಂಜಾನೆಯ ಮಬ್ಬಿನಲ್ಲಿ, ಸಂತೆಯ ಗಡಿಬಿಡಿಯಲ್ಲಿ, ಅಮ್ಮ ಚಂದ್ರನಿಲ್ಲದ ಹಲಗೆಯನ್ನು ಒತ್ತಿ ಹೋಗಿದ್ದಾಳೆ. ಬಂದು, ಇಲ್ಲದ ಚಂದ್ರನನ್ನು ಹುಡುಕಿದ್ದಾಳೆ. ಕದಿಯುವವರು ಚಂದ್ರನಷ್ಟೇ ಚಿಟಿಕೆ ಹಿಟ್ಟು ತೆಗೆದು ಆ ಜಾಗವನ್ನು ನುಣ್ಣಗೆ ಸವರುತ್ತಾರೆಯೇ? ಇಷ್ಟು ವರ್ಷ ಯಾರ ತಲೆಗೂ ಇದು ಹೊಳೆಯಲಿಲ್ಲವಲ್ಲ.

ಕೂಡಲೇ ಅನುಮಾನವೂ ಎದ್ದಿತು. ಚಕ್ಕೆ ಅಟ್ಟದ ಮೇಲೆ ಆಮೇಲೆ ಎದ್ದಿರಬಾರದೇಕೆ? ಅವತ್ತು ಕಾಣದೆ ಹೋದದ್ದು ಚಂದ್ರನೇ ಎಂದು ನನಗೆ ಹೇಗೆ ಗೊತ್ತು? ನಾನು ಗಡಿಗೆಯೊಳಗೆ ಇಣುಕಿದ್ದೆನೇ? ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲೆ ಬರೆದದ್ದನ್ನು ಎಷ್ಟು ಕಾಲದ ಮೇಲೂ ಹೋಗಿ ಓದಬಹುದು. ಹಿಟ್ಟಿನ ಮೇಲೆ ಬರೆದದ್ದು ಮರುದಿನದ ರೊಟ್ಟಿಯಾಗಿ ಹೋಗುತ್ತದೆ. ಆದರೆ ಚಂದ್ರನನ್ನು ನಾನೊಬ್ಬಳೇ ನೆನಪಿಟ್ಟಿರಲಿಲ್ಲ, ಊರಿಗೆ ಊರೇ ನೆನಪಿಟ್ಟಿತ್ತು. ಅವಳನ್ನು ಹಂಗಿಸಿದ ಮಾತೇ ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಗೃಹಪ್ರವೇಶಕ್ಕೆ ಬರುತ್ತೇನೆ, ಸೀರೆ ನನಗೇ ತೆಗೆದಿಡು ಎಂದು ವೀರೇಶನಿಗೆ ಬರೆದೆ.

ಹೊಸ ಮನೆಯ ಅಡುಗೆಕೋಣೆ ನಮ್ಮ ಹಳೆಯ ಪಡಸಾಲೆಯಷ್ಟು ದೊಡ್ಡದಿತ್ತು. ಹೆಂಗಸರೆಲ್ಲ ಅಲ್ಲೇ ಸೇರಿದ್ದರು. ನೀಲತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅವಳಿಗೆ ಈಗ ಮೊಣಕಾಲು ಮಡಚಲು ಬರುವುದಿಲ್ಲ. ಮುದ್ರೆಯನ್ನು ತೊಳೆದು ಕುಂಕುಮ ಹಚ್ಚಿ ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ವೀರೇಶ ಒಳಗೆ ಬಂದ.

"ಹೇಳಕ್ಕ. ಪ್ರೊಫೆಸರ್ ನೀ. ಸೀರಿ ನಿಂದೇ ಐತಿ."

"ಹೇಳಂಗಿಲ್ಲ, ತೋರಸ್ತೀನಿ. ಒಂದು ಪರಾತ ಕೊಡ್ರಿ, ಜೋಳದ ಹಿಟ್ಟು ಹಾಕ್ರಿ."

ಅಗಲವಾದ ತಟ್ಟೆಯಂಥ ಪರಾತಕ್ಕೆ ಹಿಟ್ಟು ಸುರಿದರು. ಅಮ್ಮ ಮಾಡುತ್ತಿದ್ದಂತೆ ಅಂಗೈಯಿಂದ ಸವರಿದೆ. ಅವಳು ಎಡಗೈಯಿಂದ ಸವರುತ್ತಿದ್ದಳೋ ಬಲಗೈಯಿಂದಲೋ ಎಂಬ ಅನುಮಾನ ಆ ಹೊತ್ತಿನಲ್ಲೂ ಬಂದು ಹೋಯಿತು. ಮುದ್ರೆ ಒತ್ತಿ ಮೆಲ್ಲಗೆ ಎತ್ತಿದೆ. ಬಸವಣ್ಣ ಮೂಡಿದ, ಗೂನು, ಕೊಂಬು ಎಲ್ಲ ಸ್ಪಷ್ಟವಾಗಿ. ಸೂರ್ಯ ಮೂಡಿದ. ಹುಡುಗಿಯರು ಓಹೋ ಎಂದರು. ಒಬ್ಬಳು ಚಿತ್ರ ತೆಗೆದಳು.

"ಹಿಟ್ಟಿಗೆ ಒತ್ತೋ ಮುದ್ರಿ ಇದು. ಅತ್ತಿ ಹೊಲಕ್ಕ ಹೋದಾಗ ಸೊಸಿ ಹಿಟ್ಟು ಕದ್ದಾಳೇನಂತ ನೋಡಾಕ ಒತ್ತೋದು. ನಮ್ಮಮ್ಮ ಒತ್ತತಿದ್ಲು. ಈಗ ಹೇಳ್ರಿ, ಇದರಾಗ ಚಂದ್ರ ಎಲ್ಲೈತಿ?"

ಹಿರಿಯರಿಗೆ ಮೊದಲು ತಿಳಿಯಿತು. ಕಿರಿಯರಿಗೆ ಅವರ ಮುಖ ನೋಡಿ ತಿಳಿಯಿತು. ನಾನು ಮುದ್ರೆಯನ್ನು ತಿರುಗಿಸಿ ಮುರಿದ ಮೂಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದೆ, ಮಂಗಳಾರತಿ ಕೊಡುವಂತೆ. ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. "ಗೌರಿ ನುಂಗಿರಬೇಕಂತ ಅಂತಿದ್ರೆಲ್ಲ, ಅನ್ರೀ ಈಗ" ಎಂದೆ.

"ಶುಭಕಾರ್ಯದಾಗ ಏನ್ಬೇ ಇದು" ಎಂದಳು ಒಬ್ಬಳು.

"ಅಕ್ಕಾ, ಇವತ್ತೇ ಬೇಕಿತ್ತೇನು?" ವೀರೇಶನ ಮುಖ ಸಣ್ಣದಾಗಿತ್ತು.

"ಇವತ್ತೇ ಬೇಕಿತ್ತು. ಅಕಿನ್ನ ಕಳ್ಳಿ ಅಂದಾಗೂ ಎಲ್ಲಾರೂ ಕೂಡಿದ್ರು."

ಆಗ ಕುರ್ಚಿಯಿಂದ ನೀಲತ್ತೆಯ ದನಿ ಬಂತು. "ಆ ಹುಡುಗನ್ನ ಯಾಕ ಬೈತೀ ಸರೂ. ಅಂವಗೇನ್ ಗೊತ್ತು. ನಮ್ಮವ್ವಗ ಗೊತ್ತಿತ್ತು." ಅವಳ ಅವ್ವ ಎಂದರೆ ನಮ್ಮ ಅಮ್ಮ. ನೀಲತ್ತೆ ಪರಾತವನ್ನೇ ನೋಡುತ್ತಿದ್ದಳು. "ಅಣ್ಣ ಗೌರಿನ್ನ ಕರಕೊಂಡು ಬಸ್ ಹತ್ತಿದ ಮ್ಯಾಲೆ ಹಿಟ್ಟು ಸಾಪ ಮಾಡಿ ಒತ್ತಾಕ ಹೋದ್ಲು. ಹೊಳ್ಳಿಸಿ ನೋಡಿದ್ಲು, ಮೂಲಿ ಇಲ್ಲ. ನಾ ಅಲ್ಲೇ ಇದ್ದೆ. ಕರಸೋಣೇನವ್ವಾ ಅಂದೆ. ಬಾಯಿ ಮುಚ್ಚು ಅಂದ್ಲು. ಮುದ್ರಿ ತಪ್ಪಂದ್ರ ಅತ್ತಿ ತಪ್ಪಂದಂಗ, ಊರಾಗ ನನ್ನ ಇಜ್ಜತ್ ಏನಾದೀತು ಅಂದ್ಲು. ತಾನೇ ಅರಿವಿ ಸುತ್ತಿ ಅಟ್ಟದ ಮ್ಯಾಲೆ ಒಗದ್ಲು. ಮತ್ತ ಒತ್ತಲಿಲ್ಲ."

 ಅವಳ ಮಾತು ಕೇಳುತ್ತಲೇ ನನ್ನೊಳಗೆ ಒಂದು ಹಳೆಯ ದೃಶ್ಯ ತನ್ನ ಅರ್ಥವನ್ನು ಬದಲಿಸಿಕೊಂಡಿತು. ಕೊನೆಯ ವರ್ಷಗಳಲ್ಲಿ ಅಮ್ಮ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಲು ಬಿಡುತ್ತಿರಲಿಲ್ಲ. ಹಾಕಿದರೆ ಕೋಲು ಊರಿಕೊಂಡು ಬಂದು ತೆಗೆಯುವಳು. ಜಿರಳೆ ಬೀಳುತ್ತವೆ ಎಂದು ಅವ್ವ ಗೊಣಗುವಳು. ಅಮ್ಮನಿಗೆ ಅರಳುಮರಳು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಅರಳುಮರಳಲ್ಲ ಅದು. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡದೆ ಸತ್ತಳು. ನನ್ನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಹರಿತವಾಯಿತು. ವೀರೇಶ ತಟ್ಟೆಯನ್ನು ನನ್ನ ಕಡೆ ದೂಡಿದ. "ಒಯ್ಯಕ್ಕ ಇದನ್ನ. ಎದುರಿಗಿಟ್ಟುಕೊಂಡು ನಾ ಹೆಂಗ ಉಣ್ಣಲಿ?" ಪಾಪದವನು, ಸೀರೆಯನ್ನೂ ಕೊಟ್ಟ.

ಮರುದಿನವೇ ಮುದಗಲ್ಲಿಗೆ ಹೊರಟೆ. ಮಸ್ಕಿ ದಾಟಿತು, ಲಿಂಗಸುಗೂರಿನಲ್ಲಿ ನನ್ನ ಮನೆಗೂ ಹೋಗದೆ ಬಸ್ಸು ಬದಲಿಸಿದೆ. ಚೀಲದಲ್ಲಿದ್ದ ಮುದ್ರೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ. ಗೆದ್ದು ಬಂದವಳು, ಗೆದ್ದದ್ದನ್ನು ಒಪ್ಪಿಸಲು ಹೋಗುತ್ತಿದ್ದೆ. ಅವಳು ಅಳಬಹುದು, ನನ್ನ ತಲೆ ನೇವರಿಸಬಹುದು ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡೆ.

ಸಣ್ಣವ್ವ ಒಲೆಯ ಮುಂದೆಯೇ ಇದ್ದಳು. ಕೆಲಸದ ಹೆಂಗಸರು ಉಣ್ಣಲು ಹೋಗಿದ್ದರು. ಗೋಡೆಯ ಗುಂಟ ಬಿಳಿ ಬಟ್ಟೆ ಹೊದ್ದ ರೊಟ್ಟಿಯ ಸಾಲು, ಮೂಲೆಯಲ್ಲಿ ಹಿಟ್ಟಿನ ದೊಡ್ಡ ಡ್ರಮ್ಮು, ಅದಕ್ಕೆ ಮುಚ್ಚಳವಿಲ್ಲ.

"ಬಾ ಯವ್ವಾ. ಏನ್ ತಂದಿ? ಹೋಳಿಗೀನಾ?"

"ಹೋಳಿಗಿನೂ ಅದಾವ" ಎಂದು ಮುದ್ರೆಯನ್ನು ಅವಳ ಮುಂದಿಟ್ಟೆ.

ಅವಳು ಹಿಟ್ಟಿನ ಕೈಯಿಂದಲೇ ಎತ್ತಿ, ತಿರುಗಿಸಿ ನೋಡಿ, ಜೋರಾಗಿ ನಕ್ಕಳು. "ಇನ್ನಾ ಐತೇನಿದು! ಮುದುಕಿ ತನ್ನ ಕೂಡ ಹುಗಿಸಿಕೊಂಡಿರಬೇಕಂತ ಮಾಡಿದ್ದೆ."

ಎಲ್ಲವನ್ನೂ ಹೇಳಿದೆ. ಪರಾತ, ಹಿಟ್ಟು, ಮೂಡದ ಚಂದ್ರ, ಒಬ್ಬೊಬ್ಬರ ಮುಖ. "ನೀ ಕದ್ದಿಲ್ಲಂತ ಎಲ್ಲಾರ ಮುಂದ ತೋರಿಸಿ ಬಂದೀನಿ, ಸಣ್ಣವ್ವಾ" ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಕದ್ದಿಲ್ಲಂತ ನಿನಗ ಯಾರು ಹೇಳಿದ್ರು?"

ಬಿಚ್ಚುತ್ತಿದ್ದ ಹೋಳಿಗೆಯ ಗಂಟನ್ನು ಕೆಳಗಿಟ್ಟೆ.

"ದಿನಾ ತಗೋತಿದ್ದೆ. ಅಕಿ ಹೊಲದ ದಾರಿ ಹಿಡದ್ಲಂದ್ರ ಒಂದು ಬೊಗಸಿ ತೆಗೀತಿದ್ದೆ. ಮ್ಯಾಲೆ ಸಾಪ ಮಾಡಿ, ಗೂಟದಾಗಿನ ದೇವರನ್ನ ಇಳಿಸಿ, ಹೊಳ್ಳಿ ಒತ್ತಿಡತಿದ್ದೆ. ಅಕಿಗಿಂತ ಛಂದ ಬೀಳತಿತ್ತು ನನ್ನ ಮುದ್ರಿ! ಅಕಿ ದಿನಾ ಬಂದು ನಾ ಒತ್ತಿದ್ದನ್ನ ನೋಡಿ, ಬರೋಬ್ಬರಿ ಐತಿ ಅಂತ ತಲಿ ಹಾಕತಿದ್ಲು. ನಾ ಅಲ್ಲೇ ನಿಂತು ನೋಡತಿದ್ದೆ." ಅವಳ ಕಣ್ಣಿನಲ್ಲಿ ಹೊಳೆದದ್ದು ನಾನು ಇಷ್ಟು ವರ್ಷ ನನ್ನದೇ ಎಂದುಕೊಂಡಿದ್ದ ಸೇಡು. "ಆ ಸಂತಿ ದಿನ ಜಲ್ದಿ ಬಂದ್ಲು. ಎತ್ತಿನ ಗೆಜ್ಜಿ ಕೇಳಿಸ್ತು. ಗಡಬಡಿಸಿದೆ, ಒಳಕಲ್ಲಿಗೆ ಬಡದು ಮೂಲಿ ಹಾರಿತು. ಇದ್ದದ್ರಾಗೇ ಒತ್ತಿದೆ. ಆ ತುಂಡು ಒಲಿಯಾಗ ಒಗದೆ. ಚಂದ್ರನ್ನ ನಾ ನುಂಗಿಲ್ಲ ಬಿಡು, ಒಲಿ ನುಂಗಿತು."

"ಮತ್ತ ಅವತ್ತ ಯಾಕ ಸುಮ್ಕ ನಿಂತಿದ್ದಿ?"

"ಏನ್ ಹೇಳಬೇಕಿತ್ತು? ಕದ್ದಿಲ್ಲಂತ ಸುಳ್ಳು ಹೇಳ್ಲಾ, ಹಸಿವಾಗಿತ್ತಂತ ಖರೇ ಹೇಳ್ಲಾ? ಖರೇ ಹೇಳಿದ್ರ ಕಳವಿಗಿಂತ ದೊಡ್ಡ ತಪ್ಪು. ಸೊಸಿಗೆ ಉಣ್ಣಾಕ ಹಾಕವಲ್ರು ಅಂತ ಮನಿ ಮರ್ಯಾದಿ ಕಳದಂಗ." ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನತ್ತ ತಿರುಗಿದಳು. "ಆ ಮನ್ಯಾಗ ನಂದು ಅಂತ ಇದ್ದದ್ದು ಆ ಕಳವು ಒಂದೇ, ಸರೂ. ಅದನ್ನೂ ಕಸಗೊಂಡು ನನ್ನ ಪಾಪದಾಕಿನ್ನ ಮಾಡಿ ಕುಂದರಸ್ತೀಯೇನು?"

 ಸಾಕ್ಷಿ ಹಿಡಿದು ನ್ಯಾಯ ಹೇಳಲು ಹೋದವಳು, ನಡೆದೇ ಇರದ ಸಂಗತಿಯನ್ನು ಎಲ್ಲರ ಮುಂದೆ ಸಾಬೀತು ಮಾಡಿ ಬಂದಿದ್ದೆ. ಬೇರೇನೂ ತೋಚದೆ ನೀಲತ್ತೆ ಹೇಳಿದ್ದನ್ನು ಹೇಳಿದೆ. ಆಗ ಮಾತ್ರ ಅವಳ ಕೈ ನಿಂತಿತು.

"ಅಂದ್ರ, ಮುದುಕಿ ಸಾಯೋ ಮಟ ನಾ ಕದ್ದಿಲ್ಲಂತನೇ ತಿಳಕೊಂಡಿದ್ಲಾ?"

"ಹೂಂ."

"ತಪ್ಪೆಲ್ಲಾ ತನ್ನದೇ ಅಂತ?"

"ಹೂಂ. ಕಡೀಕಡಿಗೆ ಹಿಟ್ಟಿನ ಡಬ್ಬಿಗೆ ಮುಚ್ಚಳಾ ಹಾಕಾಕ ಬಿಡತಿರಲಿಲ್ಲ. ನಾವು ಅರಳುಮರಳು ಅಂತಿದ್ವಿ."

ಸಣ್ಣವ್ವ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಗೋಡೆಗಾತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾನು ಮಾಡಿದ ಯಾವ ನ್ಯಾಯವೂ ಕೊಡದ ಸುಖವನ್ನು ಅಮ್ಮನ ಆ ತಪ್ಪು ತಿಳಿವಳಿಕೆ ಅವಳಿಗೆ ಕೊಟ್ಟಿತು. "ಕದ್ದಾಕಿ ನಾನು, ಒಳಗೊಳಗ ಬೆಂದಾಕಿ ಅಕಿ" ಎಂದು ಮತ್ತೆ ನಕ್ಕಳು. ನಗುತ್ತ ನಗುತ್ತಲೇ ನಗೆ ನಿಂತಿತು. "ಮುಚ್ಚಳಾ ಹಾಕಾಕನೇ ಬಿಡತಿರಲಿಲ್ಲಾ?" ಎಂದು ಇನ್ನೊಮ್ಮೆ ಕೇಳಿದಳು, ಸಣ್ಣ ದನಿಯಲ್ಲಿ. ನಾನು ತಲೆಯಾಡಿಸಿದೆ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳ ಮುಖದಲ್ಲಿ ಆಗ ಇದ್ದದ್ದು ಏನು ಎಂದು ನಾನು ಆ ದಿನದ ಪುಟದಲ್ಲೂ ಬರೆಯಲಿಲ್ಲ. ಗೊತ್ತಾಗದ್ದನ್ನು ಗೊತ್ತಾಯಿತು ಎಂದು ಬರೆಯಲು ಇನ್ನು ಧೈರ್ಯ ಸಾಲದು.

ಪರೀಕ್ಷೆ ಮಾಡುವವಳ ಹಾಗೆ ಕೇಳಿದೆ: "ಬೊಗಸಿ ಹಿಟ್ಟಿನಾಗ ಎಷ್ಟು ರೊಟ್ಟಿ ಆಗತಾವ?"

"ಒಂದೇ ಆಗತೈತಿ. ಕೈಯಾಗ ಜರಾ ಹಿಟ್ಟು ಉಳೀತೈತಿ." ಅವಳು ನನ್ನ ಮುಖ ನೋಡಿ ಹುಬ್ಬೇರಿಸಿದಳು. "ದೊಡ್ಡದು ನನಗ, ಸಣ್ಣದು ನಿನಗ. ಮರತೇನು? ದಿನಾ ಹೊಸ್ತಿಲದಾಗ ಕುಂತು ತಿಂತಿದ್ದೆಲ್ಲ. ಒಂದಿನಾನೂ ಯಾರಿಗೂ ಹೇಳಲಿಲ್ಲ ನೀ. ಜಾಣಿ ಇದ್ದಿ."

ಮರೆತಿರಲಿಲ್ಲ. ಮನೆಯ ಎಲ್ಲ ನೆನಪುಗಳ ನಡುವೆ ಅದೊಂದನ್ನು ಮಾತ್ರ ನಾನು ಎಂದೂ ಅನುಮಾನಿಸಿರಲಿಲ್ಲ. ಅಮ್ಮ ಅಳೆದುಕೊಟ್ಟ ಹಿಟ್ಟು ಮುಂಜಾನೆಯೇ ಮುಗಿಯುತ್ತಿದ್ದ ಮನೆಯಲ್ಲಿ, ಮಧ್ಯಾಹ್ನ ಅಂಗೈಯಗಲದ ರೊಟ್ಟಿಯೊಂದು ಎಲ್ಲಿಂದ ಬರಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಚಿತ್ರಗಳಲ್ಲಿ, ಮುರಿದ ಕಟ್ಟಿಗೆಯಲ್ಲಿ, ಊರಿನ ಬಾಯಲ್ಲಿ ಹುಡುಕಿದ ಸಾಕ್ಷಿ ಮೊದಲಿನಿಂದಲೂ ನನ್ನ ನಾಲಗೆಯ ಮೇಲಿತ್ತು.

ಮುದ್ರೆ ಈಗ ಮುದಗಲ್ಲಿನಲ್ಲೇ ಇದೆ. ಸಣ್ಣವ್ವ ಅದನ್ನು ಸುಡಲಿಲ್ಲ, ಪೂಜಿಸಲಿಲ್ಲ. ಕೋಟೆಯ ಕಡೆಯಿಂದ ಗಾಳಿ ಬಂದಾಗ ರೊಟ್ಟಿಯ ಮೇಲಿನ ಬಟ್ಟೆ ಹಾರುತ್ತದೆ ಎಂದು ಅದರ ಮೇಲೆ ಹೇರಿಟ್ಟಿದ್ದಾಳೆ. ಇದು ಏನು ಎಂದು ಕೇಳಿದವರಿಗೆ, "ಅರಿವಿ ಹಾರಬಾರದಂತ ಇಡೋ ಕಟಗಿ" ಎನ್ನುತ್ತಾಳೆ. ಅದಕ್ಕಿಂತ ಸರಿಯಾದ ಉತ್ತರ ನನ್ನಲ್ಲೂ ಇಲ್ಲ. ವೀರೇಶನ ಗೋಡೆಯಲ್ಲಿ ಚೌಕಟ್ಟಿಗೆಂದು ಬಿಟ್ಟ ಜಾಗ ಖಾಲಿಯೇ ಇದೆಯಂತೆ. ಗುಂಪಿನಲ್ಲಿ ಗೌರಿಯ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಅವಳು ಕದ್ದಿರಲಿಲ್ಲ ಎಂದು ಅವರೆಲ್ಲ ನಂಬಿದ್ದಾರೆ; ನಂಬಿ ನಾಚಿಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಅಮ್ಮ ಅಷ್ಟು ವರ್ಷ ಹೊತ್ತದ್ದನ್ನು ಇವರೂ ಒಂದಷ್ಟು ದಿನ ಹೊರಲಿ.

ನಮ್ಮ ಹಳೆಯ ಮನೆ ಇದ್ದ ಜಾಗದಲ್ಲಿ ಈಗ ಬಿಳಿ ಬಣ್ಣ ಹಚ್ಚಿದ ಗುರುತಿನ ಕಲ್ಲುಗಳಿವೆ. ಒಲೆ ಎಲ್ಲಿತ್ತು, ಗೂಟ ಎಲ್ಲಿತ್ತು, ಹೊಸ್ತಿಲು ಎಲ್ಲಿತ್ತು ಎಂದು ನಿಂತು ತೋರಿಸಲು ಹೋದರೆ ನನಗೇ ದಿಕ್ಕು ತಪ್ಪುತ್ತದೆ. ಮಧ್ಯಾಹ್ನ ಪಕ್ಕದ ಖಾನಾವಳಿಯಲ್ಲಿ ಗಿರಾಕಿಗಳು ಎದ್ದುಹೋದ ಮೇಲೆ ಹಂಚಿನ ಮೇಲೆ ಹಿಟ್ಟು ಸುಡುತ್ತದೆ. ಪುಸ್ತಕ ಮುಚ್ಚಿ ಕಿಟಕಿಯ ಹತ್ತಿರ ಹೋಗುತ್ತೇನೆ. ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ಅಂಗೈಯನ್ನು ಬಾಯ ಹತ್ತಿರ ತಂದು, ಮೆಲ್ಲಗೆ ಊದುತ್ತೇನೆ.